ಎಪ್ಪತ್ತೆರಡರಿಂದ ಭಾಗಿಸಿದ ಬಾಂಬರ್

ಹೋದ ಬೇಸಿಗೆ ರಜೆಯಲ್ಲಿ ಗಿಣಿಗೇರಾದ ನಮ್ಮ ಮನೆ ಪಡಸಾಲೆಯಲ್ಲಿ ಒಂದು ವಿಮಾನ ಬಾಲದ ಮೇಲೆ ಕೂತುಬಿಟ್ಟಿತು. ಮೂರು ವಾರ ಕತ್ತರಿಸಿ, ಉಜ್ಜಿ, ಅಂಟಿಸಿ ಕಟ್ಟಿದ ಬಾಂಬರ್ ಅದು. ಎರಡನೇ ಮಹಾಯುದ್ಧದ ಬಿ-24 ಲಿಬರೇಟರ್‌ನ ಪ್ಲಾಸ್ಟಿಕ್ ಮಾಡೆಲ್. ಮೂರು ಚಕ್ರದ ಮೇಲೆ ನಿಲ್ಲಿಸಿ ಕೈ ಬಿಟ್ಟೆ. ಮೂತಿ ಮೇಲೆತ್ತಿ ಬಾಲ ಟೇಬಲ್ಲಿಗೆ ಊರಿತು. ಮತ್ತೆ ನಿಲ್ಲಿಸಿದೆ, ಮತ್ತೆ ಕೂತಿತು. ಬಾಗಿಲ ಹತ್ತಿರ ಕೂತಿದ್ದ ಅಜ್ಜ ನೋಡಿ ನಕ್ಕ. "ಹಿಂದ ಭಾರ ಹೇರಿದ ಚಕ್ಕಡಿ ಆಗೇತಲ್ಲೋ ನಿಂದು. ಮುಂದ ಹೇರು, ನಿಂದರತೈತಿ."

ಮೆಕ್ಯಾನಿಕಲ್ ಮೂರನೇ ವರ್ಷದವನಿಗೆ ಇದನ್ನ ಅಜ್ಜ ಹೇಳಬೇಕಾಗಿ ಬಂತು. ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ಮೊಮೆಂಟ್ ಲೆಕ್ಕ ಎಷ್ಟೋ ಮಾಡಿ ಮಾರ್ಕ್ಸ್ ತಗೊಂಡಿದ್ದೆ. ಅದೇ ಲೆಕ್ಕ ಟೇಬಲ್ ಮೇಲೆ ಕೂತಾಗ ಗುರುತೇ ಸಿಗಲಿಲ್ಲ.

ಸ್ಕೇಲ್ ಮಾಡೆಲ್ ಅಂದ್ರೆ ನಿಜವಾದ ವಿಮಾನವನ್ನ 72 ರಿಂದ ಭಾಗಿಸೋದು ಅಂತ ನಾನು ಅಂದ್ಕೊಂಡಿದ್ದೆ. ಉದ್ದ, ಅಗಲ ಮಾತ್ರ ಹಾಗೆ ಸುಲಭವಾಗಿ ಭಾಗ ಆಗುತ್ತೆ. ತೂಕ, ದಪ್ಪ, ಬಣ್ಣ, ಮೇಲೆ ಬಂದು ಕೂರೋ ದೂಳು ಇವ್ಯಾವೂ ನಮ್ಮ 72 ಕ್ಕೆ ಬಗ್ಗಲ್ಲ. ಯಾವುದನ್ನ ಭಾಗಿಸಬೇಕು, ಯಾವುದನ್ನ ಮೋಸ ಮಾಡಿ ತೋರಿಸಬೇಕು ಅಂತ ತೀರ್ಮಾನ ಮಾಡೋದೇ ಈ ಕೆಲಸದ ಮುಕ್ಕಾಲು ಪಾಲು.

ಮೊದಲು ಈ ವಿಮಾನವೇ ಯಾಕೆ ಅಂತ ಹೇಳ್ತೀನಿ. ಬಾಂಬರ್ ಅಂದ ಕೂಡಲೇ ಲಂಡನ್, ಬರ್ಲಿನ್, ಟೋಕಿಯೊ ನೆನಪಾಗುತ್ತೆ. ಲಿಬರೇಟರ್ ಕಥೆಗೆ ಬೆಂಗಳೂರೂ ಬೇಕು. 1940 ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಇವತ್ತಿನ ಎಚ್‌ಎಎಲ್‌ನ ಮೂಲ ಅದು. ಯುದ್ಧ ಜೋರಾದ ಮೇಲೆ, 1943 ರಲ್ಲಿ, ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಗೆ ಹೋಯಿತು. ಆಗ ಅದರ ಹೆಸರು 84 ನೇ ಏರ್ ಡಿಪೊ. ಬರ್ಮಾ, ಚೀನಾ ಕಡೆ ಹಾರಿ ಸವೆದ ವಿಮಾನಗಳು ಇಲ್ಲಿಗೆ ಬಂದು ರಿಪೇರಿ ಆಗಿ ಹೋಗ್ತಿದ್ದವು. ಹೊಸ ವಿಮಾನ ಕಟ್ಟೋ ಕನಸಿಟ್ಟುಕೊಂಡು ಶುರುವಾದ ಕಂಪನಿಯ ಕೆಲಸಗಾರರು ಆ ವರ್ಷಗಳಲ್ಲಿ ಕಲಿತದ್ದು ಮುಖ್ಯವಾಗಿ ಬಿಚ್ಚಿ ಜೋಡಿಸೋ ಕೆಲಸ. ಮುಂದೆ ಅದೇ ಕೈಹಿಡಿಯಿತು.

ಯುದ್ಧ ಮುಗಿದಾಗ ಬ್ರಿಟಿಷರ ಹತ್ತಿರ ಇಲ್ಲಿ ರಾಶಿ ಲಿಬರೇಟರ್ ಉಳಿದಿದ್ದವು. ಅವು ಅಮೆರಿಕದಿಂದ ಲೆಂಡ್-ಲೀಸ್ ಒಪ್ಪಂದದ ಮೇಲೆ ಬಂದವು. ವಾಪಸ್ ಕಳಿಸಬೇಕು, ಇಲ್ಲಾಂದ್ರೆ ಯಾರಿಗೂ ಉಪಯೋಗ ಆಗದಂತೆ ಮಾಡಬೇಕು. ಕಾನ್ಪುರದ ಚಕೇರಿಯಲ್ಲಿ ಅವನ್ನೆಲ್ಲ ಸಾಲಾಗಿ ನಿಲ್ಲಿಸಿ ಬೇಕಂತಲೇ ಹಾಳುಗೆಡವಿದರು. ಮೈಗೆ ತೂತು ಹಾಕಿದ್ದು, ಉಪಕರಣ ಒಡೆದದ್ದು, ಎಂಜಿನ್ನಿಗೆ ಮರಳು ಸುರಿದದ್ದು, ಹೀಗೆ. ಸ್ವಾತಂತ್ರ್ಯ ಬಂತು, ಕಾಶ್ಮೀರದಲ್ಲಿ ಯುದ್ಧ ಶುರುವಾಯಿತು, ನಮ್ಮ ವಾಯುಪಡೆಯಲ್ಲಿ ಭಾರಿ ಬಾಂಬರ್ ಒಂದೂ ಇಲ್ಲ. ಆಗ ಎಚ್‌ಎಎಲ್‌ನವರು ಆ ಗುಜರಿಗೆ ಕೈ ಹಾಕಿದರು. ಹಾರೋ ಮಟ್ಟಿಗೆ ಅಲ್ಲೇ ತೇಪೆ ಹಾಕಿ, ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್‌ಷೆಡ್ ಮುನ್ಷಿ ಒಂದೊಂದನ್ನೇ ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹಾಗೆ ಬಂದವು ಸುಮಾರು 40. ಒಮ್ಮೆ ಯೋಚನೆ ಮಾಡಿ: ಬೇಕಂತಲೇ ಕೆಡಿಸಿದ ನಾಲ್ಕು ಎಂಜಿನ್‌ನ ವಿಮಾನ, ಅದನ್ನ ಪೂರ್ತಿ ರಿಪೇರಿ ಮಾಡೋ ಜಾಗಕ್ಕೆ ಮುಟ್ಟಿಸೋಕೆ ಮೊದಲು ಅದರಲ್ಲೇ ಹಾರಬೇಕು! ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ ಜೋಡಿಸಿದ ಮೇಲೆ, 1948 ರ ನವೆಂಬರ್ 2 ರಂದು ಈ ವಿಮಾನಗಳಿಂದ ವಾಯುಪಡೆಯ 5 ನೇ ಸ್ಕ್ವಾಡ್ರನ್ ಶುರುವಾಯಿತು. ನಮ್ಮ ಕೊಪ್ಪಳ ನಿಜಾಮನ ಕೈಯಿಂದ ಬಿಡುಗಡೆ ಆಗಿ ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ.

ಆಮೇಲೆ 6 ನೇ ಸ್ಕ್ವಾಡ್ರನ್ ಇವನ್ನ ಸಮುದ್ರದ ಕಾವಲಿಗೆ ಬಳಸಿತು. 1968 ರ ಕೊನೆವರೆಗೂ ಹಾರಿದವು. ಉಳಿದ ದೇಶಗಳು ಎಂದೋ ಕರಗಿಸಿ ಮುಗಿಸಿದ್ದ ವಿಮಾನವಿದು. 18,000 ಕ್ಕೂ ಹೆಚ್ಚು ತಯಾರಾಗಿದ್ದವು, ಫೋರ್ಡ್ ಕಂಪನಿಯ ವಿಲೋ ರನ್ ಕಾರ್ಖಾನೆಯಿಂದ ಒಂದು ಹಂತದಲ್ಲಿ ಗಂಟೆಗೊಂದು ಹೊರಗೆ ಬರ್ತಿತ್ತು. ಇವತ್ತು ಬೆರಳೆಣಿಕೆಯಷ್ಟೇ ಉಳಿದಿವೆ, ಅವುಗಳಲ್ಲಿ ಹಲವು ಇಲ್ಲಿಂದ ಹೋದವೇ. ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂಗೆ 1974 ರಲ್ಲಿ ನಮ್ಮ ವಾಯುಪಡೆ ಒಂದನ್ನ ಕೊಟ್ಟಿತು. ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿ ಒಂದಿದೆ. ಅಮೆರಿಕದ ಆಕಾಶದಲ್ಲಿ ವರ್ಷಗಟ್ಟಲೆ ಪ್ರದರ್ಶನಕ್ಕೆ ಹಾರಿದ 'ವಿಚ್‌ಕ್ರಾಫ್ಟ್' ಅನ್ನೋದೂ ಭಾರತದಲ್ಲಿ ಸೇವೆ ಮಾಡಿದ್ದೇ. ನಮ್ಮ ದೇಶದಲ್ಲಿ ನೋಡಬೇಕಂದ್ರೆ ದೆಹಲಿಯ ಪಾಲಂನಲ್ಲಿರೋ ವಾಯುಪಡೆ ಮ್ಯೂಸಿಯಂಗೆ ಹೋಗಬೇಕು.

ನಾನು ಕಟ್ಟಿದ್ದು ಆರ್‌ಎಎಫ್ ಮ್ಯೂಸಿಯಂಗೆ ಹೋದ ಆ ವಿಮಾನವನ್ನ. ಬ್ರಿಟಿಷರ ಹತ್ತಿರ ಇದ್ದಾಗ ಅದರ ನಂಬರು ಕೆಎನ್ 751, ನಮ್ಮಲ್ಲಿಗೆ ಬಂದ ಮೇಲೆ ಎಚ್‌ಇ 807. ಒಂದೇ ವಿಮಾನಕ್ಕೆ ಎರಡು ಜನ್ಮ. ಇಲ್ಲೇ ಮೊದಲ ಕಷ್ಟ ಬಂತು. ಸ್ಕೇಲ್ ಮಾಡೆಲ್‌ನಲ್ಲಿ 'ಲಿಬರೇಟರ್' ಅನ್ನೋದು ಇರಲ್ಲ. ಯಾವ ಲಿಬರೇಟರ್, ಯಾವ ವರ್ಷದ್ದು ಅನ್ನೋದೇ ಇರೋದು. 1945 ರಲ್ಲಿ ಕಟ್ಟಿದರೆ ರೆಕ್ಕೆ ಮೇಲಿನ ಬ್ರಿಟಿಷ್ ವೃತ್ತದಲ್ಲಿ ಕೆಂಪು ಬಣ್ಣ ಇರಬಾರದು. ಏಷ್ಯಾದ ಯುದ್ಧರಂಗದಲ್ಲಿ ಜಪಾನಿಯರ ಕೆಂಪು ಸೂರ್ಯನ ಗುರುತು ಅಂತ ಗಲಿಬಿಲಿ ಆಗಿ ನಮ್ಮವರೇ ನಮ್ಮವರಿಗೆ ಗುಂಡು ಹೊಡೆದಾರು ಅಂತ ಆ ಭಾಗದಲ್ಲಿ ನೀಲಿಯ ಎರಡು ಛಾಯೆ ಮಾತ್ರ ಬಳಸ್ತಿದ್ದರು. ಸ್ವಾತಂತ್ರ್ಯದ ನಂತರ ಸ್ವಲ್ಪ ಕಾಲ ನಮ್ಮ ವಾಯುಪಡೆ ಅಶೋಕ ಚಕ್ರವನ್ನ ಗುರುತಾಗಿ ಇಟ್ಟುಕೊಂಡಿತ್ತು. ಆಮೇಲೆ ಬಂದದ್ದು ಈಗಿನ ಕೇಸರಿ, ಬಿಳಿ, ಹಸಿರು ವೃತ್ತ. ಕೇಸರಿ ಹೊರಗೆ, ಹಸಿರು ನಡುವೆ. ನಾನು ಐವತ್ತರ ದಶಕ ಆರಿಸಿಕೊಂಡೆ. ಸತ್ಯ ಹೇಳಬೇಕಂದ್ರೆ ಇತಿಹಾಸದ ಪ್ರೀತಿಗಿಂತ, 24 ಅರೆಗಳ ಚಕ್ರವನ್ನ ಒಂದೂವರೆ ಇಂಚಿನಲ್ಲಿ ಬರೆಯೋಕೆ ನನ್ನ ಕೈಲಾಗಲ್ಲ ಅನ್ನೋದೇ ಕಾರಣ. ಮೂರು ವೃತ್ತ ಆದ್ರೆ ಕಂಪಾಸ್‌ನಿಂದ ಟೇಪ್ ಕತ್ತರಿಸಿ ಬಣ್ಣ ಹಾಕಬಹುದು.

ಕಿಟ್ ಡಬ್ಬಿ ಈ ತೀರ್ಮಾನಗಳಲ್ಲಿ ಅಷ್ಟೇನೂ ಸಹಾಯ ಮಾಡಲ್ಲ. 1/72 ರಲ್ಲಿ ಏರ್‌ಫಿಕ್ಸ್, ಹಸೆಗಾವಾ, ಅಕಾಡೆಮಿ ಮೂರೂ ಕಂಪನಿಗಳು ಲಿಬರೇಟರ್ ಕಿಟ್ ತಂದಿವೆ. ಆದರೆ ನಿಜವಾದ ವಿಮಾನ ತಯಾರಾಗಿದ್ದು ಐದು ಕಾರ್ಖಾನೆಗಳಲ್ಲಿ, ಮೂತಿಯಲ್ಲಿರೋ ಬಂದೂಕಿನ ಟರೆಟ್ ಕೂಡ ಎಲ್ಲದರಲ್ಲೂ ಒಂದೇ ತರ ಇಲ್ಲ. ಮೇಲೆ ನಮ್ಮವು ಗುಜರಿಯಿಂದ ಎದ್ದು ಬಂದವು. ಹಾಗಾಗಿ ಸೂಚನಾ ಹಾಳೆ ಪಕ್ಕಕ್ಕಿಟ್ಟು ಹಳೇ ಫೋಟೊ ಹುಡುಕಿ, ಜೂಮ್ ಮಾಡಿ, ಕಿಟಕಿ ಎಣಿಸಿ, ಆಂಟೆನಾ ಎಲ್ಲಿದೆ ನೋಡಿ ಬರೆದುಕೊಂಡೆ. ಕಟ್ಟೋಕೆ ಮೂರು ವಾರ ಅಂದೆನಲ್ಲ, ಅದಕ್ಕೂ ಮುಂಚೆ ಇಡೀ ಸೆಮಿಸ್ಟರ್ ಹೀಗೆ ನೋಡೋದರಲ್ಲೇ ಹೋಗಿತ್ತು. (ಇಂಟರ್ನಲ್ಸ್ ಮಾರ್ಕ್ಸ್ ಕೇಳಬೇಡಿ.)

1/72 ಅನ್ನೋ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ಎಲ್ಲರೂ ಕೇಳ್ತಾರೆ. ಆರು ಅಡಿಗೆ ಒಂದು ಇಂಚು, ಅಷ್ಟೇ. ಆರು ಅಡಿ ಮನುಷ್ಯ ಒಂದು ಇಂಚು ಆಗ್ತಾನೆ. ಈ ಅಳತೆಗೆ ಯುದ್ಧದ ಕಾಲದಲ್ಲಿ ದೊಡ್ಡ ಉಪಯೋಗ ಸಿಕ್ಕಿತು. 1942 ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿನ ಹೈಸ್ಕೂಲ್ ಮಕ್ಕಳಿಗೆ ಐದು ಲಕ್ಷ ಮಾಡೆಲ್ ಮಾಡಿಕೊಡಿ ಅಂತ ಕೇಳಿತ್ತು: 50 ಬಗೆಯ ವಿಮಾನ, ಪ್ರತಿಯೊಂದು 10,000. ಮರದಲ್ಲಿ ಕೆತ್ತಿ, ಕಪ್ಪು ಬಣ್ಣ ಬಳಿದವು. ತೋಪು ಹಿಡಿದವನು ಆಕಾಶದಲ್ಲಿ ಕಂಡದ್ದು ನಮ್ಮದೋ ಶತ್ರುವಿನದೋ ಅಂತ ಕ್ಷಣದಲ್ಲಿ ಗುರುತಿಸಬೇಕು, ಅದರ ತರಬೇತಿಗೆ. ಲೆಕ್ಕ ಚೆಂದ ಇದೆ. ಮಾಡೆಲ್ಲನ್ನ 35 ಅಡಿ ದೂರ ಹಿಡಿದರೆ 35 ಗುಣಿಲೆ 72, ಅಂದ್ರೆ 2,520 ಅಡಿ, ಹತ್ತಿರ ಹತ್ತಿರ ಅರ್ಧ ಮೈಲಿ ದೂರದ ನಿಜವಾದ ವಿಮಾನ ಕಂಡಂಗೆ ಕಾಣುತ್ತೆ. ಕ್ಲಾಸ್‌ರೂಮಿನ ಉದ್ದಕ್ಕೆ ಅರ್ಧ ಮೈಲಿ ಆಕಾಶ.

ಈ ಮಟ್ಟಿಗೆ ಭಾಗಾಕಾರ ಸರಿ. ಲಿಬರೇಟರ್‌ನ ರೆಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ 110 ಅಡಿ, ಅಂದ್ರೆ 33.5 ಮೀಟರ್. ಮಾಡೆಲ್‌ನಲ್ಲಿ 46.5 ಸೆಂ.ಮೀ. ಉದ್ದ 20.5 ಮೀಟರ್ ಚಿಲ್ಲರೆ, ಮಾಡೆಲ್‌ನಲ್ಲಿ 28 ಸೆಂ.ಮೀ. ಚಿಲ್ಲರೆ. ರೆಕ್ಕೆ ಎಷ್ಟು ಉದ್ದ, ಎಷ್ಟು ಸಪೂರ ನೋಡಿ. ರೆಕ್ಕೆಯ ವಿಸ್ತೀರ್ಣ 1,048 ಚದರಡಿ, ಹಾಗಾಗಿ ಆಸ್ಪೆಕ್ಟ್ ರೇಶಿಯೊ 110 ರ ವರ್ಗ ಭಾಗಿಸು 1,048, ಸುಮಾರು 11.5. ಆ ಕಾಲದ ಬಾಂಬರ್‌ಗೆ ಇದು ದೊಡ್ಡ ಸಂಖ್ಯೆ. ಡೇವಿಸ್ ರೆಕ್ಕೆ ಅಂತ ಹೆಸರು ಅದಕ್ಕೆ. ದೂರ ಹಾರೋಕೆ ಒಳ್ಳೇದು, ಅದಕ್ಕೇ ಸಮುದ್ರದ ಕಾವಲಿಗೆ ಕೊನೆವರೆಗೂ ಉಳೀತು. ಮಾಡೆಲ್ ಕಟ್ಟೋನಿಗೆ ಮಾತ್ರ ಅದೇ ತಲೆನೋವು. ಅಷ್ಟುದ್ದದ ತೆಳು ಪ್ಲಾಸ್ಟಿಕ್ ತನ್ನ ಭಾರಕ್ಕೇ ತುದಿಯಲ್ಲಿ ಜೋತು ಬೀಳುತ್ತೆ. ಒಳಗೆ ಒಂದು ಹಿತ್ತಾಳೆ ಕಂಬಿ ಹಾಯಿಸಿ ಎರಡೂ ರೆಕ್ಕೆ ಜೋಡಿಸಿದೆ.

ಈಗ ಚಕ್ಕಡಿ ವಿಷಯ. ಉದ್ದ 72 ಪಾಲು ಕಮ್ಮಿ ಆದ್ರೆ ತೂಕ 72 ರ ಘನದಷ್ಟು ಕಮ್ಮಿ ಆಗಬೇಕು, ಅಂದ್ರೆ 3,73,248 ಪಾಲು. ಖಾಲಿ ಲಿಬರೇಟರ್ ಸುಮಾರು 16,500 ಕೆ.ಜಿ. ಭಾಗಿಸಿದರೆ ಬರೋದು 44 ಗ್ರಾಂ. ನನ್ನದನ್ನ ಕಿರಾಣಿ ಅಂಗಡಿ ತಕ್ಕಡಿಯಲ್ಲಿಟ್ಟರೆ 160 ಗ್ರಾಂ! ತಿರುಗಿಸಿ ಲೆಕ್ಕ ಹಾಕಿ: ನನ್ನ ಮಾಡೆಲ್ಲನ್ನ ಹಾಗೇ ನಿಜವಾದ ಗಾತ್ರಕ್ಕೆ ಹಿಗ್ಗಿಸಿದರೆ 60 ಟನ್ ತೂಗುತ್ತೆ. ಪೆಟ್ರೋಲು, ಬಾಂಬು, ಜನ ಎಲ್ಲಾ ಹೇರಿಕೊಂಡ ಅಸಲಿ ಲಿಬರೇಟರ್ 30 ಟನ್ ಆಸುಪಾಸು. ಪ್ಲಾಸ್ಟಿಕ್ಕಿನದು ಎಂದೂ ನೆಲ ಬಿಟ್ಟು ಏಳಲ್ಲ.

ಬರೀ ಜಾಸ್ತಿ ಅಂದ್ರೆ ಅಡ್ಡಿ ಇಲ್ಲ, ತೂಕ ತಪ್ಪು ಜಾಗದಲ್ಲಿ ಇರುತ್ತೆ. ನಿಜವಾದದ್ದರಲ್ಲಿ ನಾಲ್ಕು ಪ್ರಾಟ್ ಅಂಡ್ ವಿಟ್ನಿ ಎಂಜಿನ್, ಒಂದೊಂದೂ ಅರ್ಧ ಟನ್ನಿಗಿಂತ ಹೆಚ್ಚು, ಹಿಂದಿನ ಚಕ್ರಗಳಿಗಿಂತ ಮುಂದೆ ಚಾಚಿಕೊಂಡಿವೆ. ಮಾಡೆಲ್‌ನಲ್ಲಿ ಆ ಜಾಗ ಖಾಲಿ ಡಬ್ಬಿ. ಬಾಲದ ಕಡೆ ಮಾತ್ರ ಮೈ, ಎರಡು ನಿಂತ ರಡ್ಡರ್, ಅಡ್ಡ ರೆಕ್ಕೆ ಎಲ್ಲಾ ದಪ್ಪ ಪ್ಲಾಸ್ಟಿಕ್. ಮುಂದೆ ಹಗುರ, ಹಿಂದೆ ಭಾರ. ಮೂತಿಯೊಳಗೆ ಭಾರ ಹಾಕಿ ಅಂತ ಸೂಚನಾ ಹಾಳೆಯಲ್ಲಿ ಬರೆದಿತ್ತು. ನಾನು ಕಣ್ಣಂದಾಜಿನಲ್ಲಿ ಹತ್ತು ಗ್ರಾಂ ಹಾಕಿ ಮುಚ್ಚಿದ್ದೆ.

ಅಜ್ಜ ಹೇಳಿದ ಮೇಲೆ ಲೆಕ್ಕ ಮಾಡಿದೆ. ಮಾಡೆಲ್ಲನ್ನ ಪೆನ್ಸಿಲ್ ಮೇಲೆ ಅಡ್ಡ ಇಟ್ಟು ಸಮತೋಲನದ ಗೆರೆ ಹುಡುಕಿದರೆ ಅದು ಹಿಂದಿನ ಚಕ್ರಗಳ ಗೆರೆಯಿಂದ 12 ಮಿ.ಮೀ. ಹಿಂದಿತ್ತು. ಮೂತಿಯಲ್ಲಿ ಭಾರ ಇಡಬಹುದಾದ ಜಾಗ ಅದೇ ಗೆರೆಯಿಂದ 95 ಮಿ.ಮೀ. ಮುಂದೆ. 160 ಗುಣಿಲೆ 12, ಭಾಗಿಸು 95: ಇಪ್ಪತ್ತು ಗ್ರಾಂ ಹಾಕಿದರೆ ಸರಿಸಮ. ಸರಿಸಮ ಆದ್ರೆ ಸಾಲದು, ಯಾರಾದರೂ ಕೆಮ್ಮಿದರೂ ಕೂರುತ್ತೆ. ಮೂವತ್ತು ಹಾಕೋಣ ಅಂತ ತೀರ್ಮಾನ ಮಾಡಿದೆ. ಸೈಕಲ್ ರಿಪೇರಿ ಅಂಗಡಿಯಿಂದ ಕಾಲು ಇಂಚಿನ ಬೇರಿಂಗ್ ಗುಂಡು ತಂದೆ, ಒಂದೊಂದು ಗ್ರಾಂ ಇರುತ್ತೆ. ಮೂತಿಯ ಟರೆಟ್ ಅಂಟಿಸಿ ಆಗಿತ್ತು, ಅದನ್ನ ಬ್ಲೇಡಿನಿಂದ ಬಿಡಿಸಿ, ಗುಂಡುಗಳನ್ನ ಎಪಾಕ್ಸಿಯಲ್ಲಿ ಮುಳುಗಿಸಿ ಒಳಗೆ ಸುರಿದೆ. ಟರೆಟ್‌ನ ಗಾಜಿನಲ್ಲಿ ಒಂದು ಸಣ್ಣ ಬಿರುಕು ಉಳೀತು. ಯುದ್ಧದ ಗಾಯ ಅಂತ ಹೇಳಿಕೊಂಡು ತಿರುಗ್ತಿದೀನಿ.

ಮುನಿರಾಬಾದ್ ಡ್ಯಾಮಿನ ಕಡೆ ಮೀನು ಹಿಡಿಯೋರ ಬಲೆಗೆ ಕಟ್ಟೋ ಸೀಸದ ಗುಂಡು ಇನ್ನೂ ಭಾರ, ಸಣ್ಣ ಜಾಗದಲ್ಲಿ ಜಾಸ್ತಿ ತೂಕ ಹಿಡಿಯುತ್ತೆ. ಆದರೆ ಅದನ್ನ ಬಿಳಿ ಅಂಟಿನಲ್ಲಿ ಹಾಕಬೇಡಿ. ಆ ಅಂಟಿನಿಂದ ಅಸಿಟಿಕ್ ಆಮ್ಲ ಹೊರಡುತ್ತೆ, ಸೀಸ ಅದರ ಜೊತೆ ಸೇರಿ ಬಿಳಿ ಪುಡಿಯಾಗಿ ಉಬ್ಬುತ್ತೆ. ಕೆಲವು ವರ್ಷ ಆದ ಮೇಲೆ ಒಳಗಿನಿಂದ ಮೂತಿ ಸೀಳಿಬಿಡುತ್ತೆ. ಸೀಸ ವಿಷ ಕೂಡ, ಮುಟ್ಟಿದ ಕೈಯಲ್ಲಿ ಊಟ ಮಾಡೋ ಹಾಗಿಲ್ಲ.

ದಪ್ಪದ ವಿಷಯಕ್ಕೆ ಬಂದ್ರೆ ಇನ್ನೂ ಮಜಾ. ಕಿಟ್‌ನ ಪ್ಲಾಸ್ಟಿಕ್ ಗೋಡೆ 1.2 ಮಿ.ಮೀ. ಇತ್ತು. 72 ರಿಂದ ಗುಣಿಸಿ: 86 ಮಿ.ಮೀ. ಕೋಟೆ ಗೋಡೆ ಇದ್ದಂಗೆ. ಆ ಕಾಲದ ವಿಮಾನದ ಅಲ್ಯೂಮಿನಿಯಂ ಹೊದಿಕೆ ಹಲವು ಕಡೆ ಒಂದು ಮಿ.ಮೀ.ಗಿಂತ ತೆಳು. ಮುಚ್ಚಿದ ಜಾಗದಲ್ಲಿ ಇದು ಕಾಣಲ್ಲ. ಬಾಗಿಲು, ಕಿಟಕಿ, ಎಂಜಿನ್ ಕವಚದ ಬಾಯಿ, ಹೀಗೆ ಅಂಚು ತೆರೆದು ಕಾಣೋ ಕಡೆ ಒಳಗಿನಿಂದ ಕೆರೆದು ಕೆರೆದು ತೆಳು ಮಾಡಬೇಕು. ಅಂಚು ತೆಳು ಕಂಡರೆ ಸಾಕು, ಇಡೀ ಗೋಡೆ ತೆಳು ಅಂತ ಕಣ್ಣು ನಂಬಿಬಿಡುತ್ತೆ. ಲಿಬರೇಟರ್‌ನ ಬಾಂಬ್ ಬಾಗಿಲುಗಳಿಗೆ ಇದು ಬಹಳ ಮುಖ್ಯ, ಯಾಕಂದ್ರೆ ಅವು ಕೆಳಗೆ ತೆರೆಯಲ್ಲ. ಅಂಗಡಿ ಶಟರ್ ತರ ಮೈಗೆ ಅಂಟಿಕೊಂಡು ಮೇಲೆ ಸರಿಯುತ್ತವೆ. ಶಟರ್ ದಪ್ಪ ಕಂಡ್ರೆ ಸುತ್ತಿಕೊಳ್ಳೋದು ಹೇಗೆ? ಒಳಗೆ ನಟ್ಟನಡುವೆ ಒಂದು ಕಿರುದಾರಿ ಇದೆ, ಒಂಬತ್ತು ಇಂಚು ಅಗಲ. ಅದರ ಮೇಲೆ ನಡೆದು ಸಿಬ್ಬಂದಿ ಮುಂದಿನಿಂದ ಹಿಂದಕ್ಕೆ ಹೋಗಬೇಕು, ಅಕ್ಕಪಕ್ಕ ಬಾಂಬು, ಕೆಳಗೆ ಶಟರ್. ಮಾಡೆಲ್‌ನಲ್ಲಿ ಅದು ಮೂರು ಮಿ.ಮೀ. ಚಿಲ್ಲರೆ. ಬೆಂಕಿಕಡ್ಡಿಗಿಂತ ಸ್ವಲ್ಪ ಅಗಲ. ಅದನ್ನ ಕತ್ತರಿಸಿ ಅಂಟಿಸುವಾಗ, ಇದರ ಮೇಲೆ ಪ್ಯಾರಾಚೂಟ್ ಕಟ್ಟಿಕೊಂಡು ಕತ್ತಲಲ್ಲಿ ನಡೆದವರು ಇದ್ದರಲ್ಲ ಅಂತ ಮೊದಲ ಬಾರಿಗೆ ನನಗೆ ಮೈ ಜುಂ ಅಂತು. ಇದು ಬಾಂಬು ಹಾಕೋ ಯಂತ್ರ ಅನ್ನೋದೂ ಅಲ್ಲೇ ನೆನಪಾದದ್ದು. ಅಲ್ಲಿವರೆಗೂ ಅದು ನನಗೆ ಬರೀ ಜ್ಯಾಮಿತಿ.

ಹಾಳೆ ಹಾಳೆ ಸೇರೋ ಗೆರೆಗಳದ್ದೂ ಇದೇ ಕಥೆ. ಕಿಟ್‌ನಲ್ಲಿ ಅವು 0.2 ಮಿ.ಮೀ. ಅಗಲ ಕೊರೆದಿರ್ತವೆ, ನಿಜದಲ್ಲಿ 14 ಮಿ.ಮೀ. ಆದಂಗೆ. ಅಷ್ಟು ಸಂದಿದ್ದಿದ್ರೆ ವಿಮಾನದೊಳಗೆ ಮಳೆ ಸುರೀತಿತ್ತು. ಆದರೂ ಆ ಗೆರೆಗಳನ್ನ ಮುಚ್ಚಿಬಿಟ್ರೆ ಮಾಡೆಲ್ ಸೋಪಿನ ತುಂಡು ತರ ಕಾಣುತ್ತೆ. ಹಾಗಾಗಿ ಉಳಿಸಿಕೊಂಡು, ಒಳಗೆ ಕಪ್ಪು ತುಂಬದೆ ತಿಳಿ ಬೂದು ಬಣ್ಣ ಮಾತ್ರ ಹರಿಸಿದೆ. ಆಂಟೆನಾ ತಂತಿಗೆ ಕೂದಲು ಹಾಕಬಹುದು ಅಂತ ಕೆಲವರು ಹೇಳ್ತಾರೆ. ಕೂದಲು 0.07 ಮಿ.ಮೀ. ಅಂದ್ರೂ ನಿಜದಲ್ಲಿ ಐದು ಮಿ.ಮೀ. ದಪ್ಪದ ತಂತಿ ಆಯ್ತು. ಅದಕ್ಕಿಂತ ಕಿಟ್‌ನ ಕಡ್ಡಿಯನ್ನೇ ಮೇಣದಬತ್ತಿ ಮೇಲೆ ಮೆತ್ತಗೆ ಮಾಡಿ ಎರಡೂ ಕೈಯಿಂದ ಎಳೆದ್ರೆ ಕೂದಲಿಗಿಂತ ಸಣ್ಣ ಎಳೆ ಬರುತ್ತೆ. ಭಾಗಗಳನ್ನ ಹಿಡಿದಿರೋ ಈ ಕಡ್ಡಿಗೂ ಸ್ಪ್ರೂ ಅಂತಲೇ ಹೆಸರು, ಫೌಂಡ್ರಿ ಲ್ಯಾಬಿನಲ್ಲಿ ಕೇಳ್ತೀವಲ್ಲ, ಅದೇ. ಚೂರೂ ಬಿಸಾಡಬೇಡಿ. ತುಂಡು ಮಾಡಿ ಥಿನ್ನರ್‌ನಲ್ಲಿ ನೆನೆ ಹಾಕಿದ್ರೆ ಮರುದಿನ ಗಂಜಿಯಾಗಿರುತ್ತೆ, ಸಂದು ಮುಚ್ಚೋಕೆ ಅದಕ್ಕಿಂತ ಒಳ್ಳೇದಿಲ್ಲ. ಕಿಟಕಿ ತೆರೆದಿಟ್ಟೇ ಮಾಡಿ, ಆ ವಾಸನೆ ಮೈಗೆ ಒಳ್ಳೇದಲ್ಲ.

ಸಂದು ಮುಚ್ಚೋದು ನಾನು ಕಲಿತದ್ದು ಕಿನ್ನಾಳದಲ್ಲಿ. ಕೊಪ್ಪಳದ ಹತ್ತಿರದ ಈ ಊರಿನ ಚಿತ್ರಗಾರರ ಬೊಂಬೆ ನೋಡದವರು ನಮ್ಮ ಜಿಲ್ಲೆಯಲ್ಲಿ ಕಮ್ಮಿ. ಹಗುರ ಮರದಲ್ಲಿ ಕೈ, ಕಾಲು, ರುಂಡ ಬೇರೆ ಬೇರೆ ಕೆತ್ತಿ ಜೋಡಿಸ್ತಾರೆ. ಸಂದುಗಳಿಗೆ ಕಿಟ್ಟ ಮೆತ್ತುತ್ತಾರೆ: ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ್ದು. ಮೇಲೆ ಅರಳೆ ಹಚ್ಚಿ, ಅದರ ಮೇಲೆ ನುಣುಪು ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ನಾನು ಅಲ್ಲಿ ಹೋಗಿ ಕೂತಾಗ ಗಮನಿಸಿದ್ದು ಒಂದೇ. ಸಂದು ಮುಚ್ಚಿತೋ ಇಲ್ಲವೋ ಅಂತ ಅವರು ಕಣ್ಣಿನಿಂದ ನೋಡ್ತಿರಲಿಲ್ಲ, ಹೆಬ್ಬೆರಳು ಸವರಿ ನೋಡ್ತಿದ್ದರು. ಒಣಗೋವರೆಗೂ ಮುಟ್ಟದೆ ಬಿಡ್ತಿದ್ದರು. ನನ್ನ ತಪ್ಪು ಅಲ್ಲೇ ಇತ್ತು. ಪ್ಲಾಸ್ಟಿಕ್‌ಗೆ ಹಚ್ಚೋ ತೆಳು ದ್ರಾವಣ ನಿಜಕ್ಕೂ ಅಂಟಲ್ಲ. ಅದು ಪಾಲಿಸ್ಟೈರೀನನ್ನ ಕರಗಿಸಿ ಎರಡೂ ಅಂಚು ಒಂದಾಗೋ ಹಾಗೆ ಮಾಡುತ್ತೆ, ವೆಲ್ಡಿಂಗ್ ತರ. ಕರಗಿದ್ದು ಆರಿ ಗಟ್ಟಿಯಾಗುತ್ತಾ ಎರಡು ಮೂರು ದಿನ ಕುಗ್ಗುತ್ತಾ ಇರುತ್ತೆ. ನಾನು ಎರಡೇ ಗಂಟೆಗೆ ಉಜ್ಜಿ ನುಣುಪು ಮಾಡಿ ಬೀಗಿದ್ದೆ. ಮೂರನೇ ದಿನ ಬೆನ್ನ ಮೇಲೆ ಉದ್ದಕ್ಕೂ ತಗ್ಗು ಗೆರೆ ಬಿದ್ದಿತ್ತು.

ಇನ್ನು ದೂಳು. ಗಿಣಿಗೇರಾ ಸುತ್ತಮುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆ ಇರೋದು ನಿಮಗೆ ಗೊತ್ತಿರಬಹುದು. ನಮ್ಮ ಕಡೆ ಮಾಳಿಗೆ ಮೇಲೆ ಬಿಳಿ ಬಟ್ಟೆ ಒಣ ಹಾಕಿದ್ರೆ ಅವ್ವ ಮಧ್ಯಾಹ್ನಕ್ಕೇ ತೆಗೀತಾಳೆ, ಸಂಜೆಗೆ ಬೂದು ಬಣ್ಣ ಆಗಿರುತ್ತೆ. ನಾನು ಕಪ್ಪು ಹೊಳಪಿನ ಅಸ್ತರು ಬಳಿದು, ಅದರ ಮೇಲೆ ಅಲ್ಯೂಮಿನಿಯಂ ಬಣ್ಣ ಹೊಡೆದು, ಒಣಗಲಿ ಅಂತ ಬುಟ್ಟಿ ಮುಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದ್ರೆ ರೆಕ್ಕೆ ತುಂಬ ಸಣ್ಣ ಸಣ್ಣ ಕರಿ ಚುಕ್ಕಿ. ಉಜ್ಜಿ ತೆಗೆದ ಪುಡಿಗೆ ಅಯಸ್ಕಾಂತ ಹಿಡಿದೆ, ಎಷ್ಟೋ ಕಣ ಎದ್ದು ಅಂಟಿಕೊಂಡವು. ಒಂದು ಕಣ 0.1 ಮಿ.ಮೀ. ಅಂತಿಟ್ಟುಕೊಳ್ಳಿ. ನನ್ನ ವಿಮಾನದ ಅಳತೆಯಲ್ಲಿ ಅದು ಏಳು ಮಿ.ಮೀ. ಜಲ್ಲಿಕಲ್ಲು. ರನ್‌ವೇ ಮೇಲೆ ಅದು ಬಿದ್ದಿದ್ರೆ ವಿಮಾನ ಹಾರಿಸೋಕೆ ಬಿಡ್ತಿರಲಿಲ್ಲ. ರೆಕ್ಕೆ ಮೇಲೆ ನೂರಾರು ಇದ್ದವು. ಎರಡು ಸಲ ಬಣ್ಣ ಕಿತ್ತು ಮತ್ತೆ ಬಳಿದೆ, ಎರಡು ಸಲವೂ ಅದೇ ಹಾಡು. ಮಾಡೆಲ್ ಹಾಳಾಯಿತು ಅನ್ನೋ ಸಿಟ್ಟು ಒಂದು ಕಡೆ. ಇದೇ ಗಾಳಿಯನ್ನ ಮನೆಮಂದಿ ದಿನವೂ ಉಸಿರಾಡ್ತಾರಲ್ಲ ಅನ್ನೋದು ಇನ್ನೊಂದು ಕಡೆ. ಬಟ್ಟೆ ಮೇಲೆ, ಕಿಟಕಿ ಮೇಲೆ ಚಿಕ್ಕಂದಿನಿಂದ ನೋಡಿದ ದೂಳನ್ನ ಗಾತ್ರ ಹಾಕಿ ಅಳೆದದ್ದು ಅವತ್ತೇ.

ಬಣ್ಣ ಬಿಟ್ಟು ಬೇರೆ ದಾರಿ ಹುಡುಕಲೇಬೇಕಾಯ್ತು. 1944 ರಿಂದ ಅಮೆರಿಕದ ಕಾರ್ಖಾನೆಗಳಿಂದ ಬಂದ ಲಿಬರೇಟರ್‌ಗಳು ಹೆಚ್ಚಾಗಿ ಬಣ್ಣವೇ ಇಲ್ಲದ ಬರೀ ಅಲ್ಯೂಮಿನಿಯಂ ಮೈಯವು. ನಾನು ನೋಡಿದ ಹಳೇ ಕಪ್ಪು ಬಿಳುಪು ಫೋಟೊಗಳಲ್ಲೂ ನಮ್ಮವು ಲೋಹದ ಹೊಳಪಿನಲ್ಲೇ ಕಾಣ್ತವೆ. ಹಾಗಾದ್ರೆ ಅಲ್ಯೂಮಿನಿಯಂಗೆ ಅಲ್ಯೂಮಿನಿಯಮ್ಮೇ ಯಾಕೆ ಹಾಕಬಾರದು? ಅಡುಗೆಮನೆಯಿಂದ ಚಪಾತಿ ಸುತ್ತೋ ಫಾಯಿಲ್ ತಂದೆ. ಅದರ ದಪ್ಪ ಸುಮಾರು 0.011 ಮಿ.ಮೀ. ಅಭ್ಯಾಸಬಲದಿಂದ 72 ರಿಂದ ಗುಣಿಸಿದೆ. 0.8 ಮಿ.ಮೀ.!

ಎರಡು ಸಲ ಲೆಕ್ಕ ಮಾಡಿದೆ. ನಿಜವಾದ ವಿಮಾನದ ಹೊದಿಕೆ ಎಷ್ಟಿರುತ್ತೋ ಹೆಚ್ಚು ಕಮ್ಮಿ ಅಷ್ಟೇ. ತೂಕದಲ್ಲಿ ಸೋತು, ಗೋಡೆಯಲ್ಲಿ ಸೋತು, ಗೆರೆಯಲ್ಲಿ ಸೋತು, ಕೊನೆಗೆ 72 ರಿಂದ ನ್ಯಾಯವಾಗಿ ಭಾಗ ಆದ ದಪ್ಪ ಸಿಕ್ಕಿದ್ದು ರೊಟ್ಟಿ ಡಬ್ಬಿ ಪಕ್ಕದಲ್ಲಿ.

ವಿಧಾನ ನಿಧಾನದ್ದು. ವಿಮಾನದ ಒಂದೊಂದು ಹಾಳೆಯ ಆಕಾರಕ್ಕೆ ಸ್ವಲ್ಪ ದೊಡ್ಡದಾಗಿ ಫಾಯಿಲ್ ಕತ್ತರಿಸಿ, ಹಿಂಬದಿಗೆ ತೆಳುವಾಗಿ ಅಂಟು ಬಳಿದು, ಕೂರಿಸಿ, ಕಿವಿಗೆ ಹಾಕೋ ಹತ್ತಿಕಡ್ಡಿಯಿಂದ ತಿಕ್ಕಬೇಕು. ತಿಕ್ಕಿದ ಹಾಗೆ ಕೆಳಗಿನ ಗೆರೆಗಳು ತಾವೇ ಎದ್ದು ಕಾಣ್ತವೆ. ಹೊಸ ಬ್ಲೇಡಿನಿಂದ ಗೆರೆಗುಂಟ ಕತ್ತರಿಸಿ ಅಂಚು ತೆಗೀಬೇಕು. ಕೆಳಗೆ ಒಂದು ಕಣ ದೂಳಿದ್ರೂ ಗುಳ್ಳೆ ಏಳುತ್ತೆ, ಆದರೆ ಫಾಯಿಲ್ ಒಣಗೋಕೆ ರಾತ್ರಿಯಿಡೀ ಕಾಯಬೇಕಾಗಿಲ್ಲ, ಒರೆಸಿ ತಕ್ಷಣ ಹಚ್ಚಬಹುದು. ಎಲ್ಲಾ ಹಾಳೆಗೂ ಒಂದೇ ಹೊಳಪು ಇದ್ರೆ ಮದುವೆಮನೆ ಮಂಟಪ ಆಗುತ್ತೆ. ನಿಜವಾದ ವಿಮಾನದಲ್ಲಿ ಹಳೇ ಹಾಳೆ ಮಂಕು, ರಿಪೇರಿಗೆ ಹಾಕಿದ ಹೊಸ ಹಾಳೆ ಮಿರಮಿರ. ಅದಕ್ಕೆ ಕೆಲವು ತುಂಡುಗಳನ್ನ ನಮ್ಮ ಬೋರ್‌ವೆಲ್ ನೀರಿನಲ್ಲಿ ಹಾಕಿ ಕುದಿಸಿದೆ. ಬಿಸಿನೀರಿನಲ್ಲಿ ಅಲ್ಯೂಮಿನಿಯಂ ಮೇಲೆ ಆಕ್ಸೈಡಿನ ಪದರ ದಪ್ಪಗಾಗಿ ಬಣ್ಣ ಮಂಕಾಗುತ್ತೆ. ಹತ್ತು ನಿಮಿಷದ್ದು ಒಂದು ಛಾಯೆ, ಅರ್ಧ ಗಂಟೆಯದು ಇನ್ನೊಂದು. ಕುದಿಸದ ಹೊಸ ಹೊಳಪಿನ ತುಂಡುಗಳನ್ನ ಮೈಯ ಬದಿಯಲ್ಲಿ, ರೆಕ್ಕೆ ಬುಡದಲ್ಲಿ ಅಲ್ಲಲ್ಲಿ ಹಚ್ಚಿದೆ. ಕಾನ್ಪುರದಲ್ಲಿ ತೂತಾದ ಜಾಗಕ್ಕೆ ಬೆಂಗಳೂರಿನಲ್ಲಿ ಹಾಕಿದ ತೇಪೆ ಅಂತ ನನ್ನ ಕಲ್ಪನೆ. ಇದೇ ವಿಮಾನಕ್ಕೆ ಇದೇ ಜಾಗದಲ್ಲಿ ತೇಪೆ ಇತ್ತು ಅನ್ನೋದಕ್ಕೆ ಫೋಟೊ ಇಲ್ಲ. ಇಡೀ ಮಾಡೆಲ್‌ನಲ್ಲಿ ಆಧಾರ ಇಲ್ಲದೆ ನಾನು ಸೇರಿಸಿದ್ದು ಅಷ್ಟೇ, ತೆಗೆಯೋಕೆ ಮನಸ್ಸಾಗಲಿಲ್ಲ.

ಬಣ್ಣ ಪೂರ್ತಿ ತಪ್ಪಲಿಲ್ಲ. ವೃತ್ತಗಳು, ಎಚ್‌ಇ 807 ಅನ್ನೋ ಅಕ್ಷರ, ಟೈರು, ಕಾಕ್‌ಪಿಟ್ ಮುಂದಿನ ಕಪ್ಪು ಪಟ್ಟಿ ಇವಕ್ಕೆಲ್ಲ ಬೇಕು. ಅಚ್ಚ ಕಪ್ಪು ಬಳಸಬೇಡಿ. ಮಾಡೆಲ್ಲನ್ನ ಅರ್ಧ ಮೀಟರ್ ದೂರದಿಂದ ನೋಡೋದು ಅಂದ್ರೆ ನಿಜವಾದದ್ದನ್ನ 36 ಮೀಟರ್ ದೂರದಿಂದ ನೋಡಿದಂಗೆ. ಅಷ್ಟು ಗಾಳಿಯ ಹಿಂದಿನಿಂದ ಕಪ್ಪು ಸ್ವಲ್ಪ ಬೂದಾಗಿ ಕಾಣುತ್ತೆ. ಕಪ್ಪಿಗೆ ಒಂದೆರಡು ಹನಿ ಬಿಳಿ ಸೇರಿಸಿದ್ರೆ ಸಾಕು. ನಮ್ಮೂರ ಗಾಳಿಯಲ್ಲಿ ಆದ್ರೆ ನಾಲ್ಕು ಹನಿ.

ಈಗ ಅದು ಮೂರು ಚಕ್ರದ ಮೇಲೆ ನಿಂತಿದೆ. ಮುಗಿದ ದಿನ ಅಜ್ಜ ಬೆರಳಿಂದ ಬಾಲ ಮೆಲ್ಲಗೆ ಒತ್ತಿ ನೋಡಿದ. ಕೂತು, ಬಿಟ್ಟ ಕೂಡಲೇ ಎದ್ದು ನಿಂತಿತು. "ಹಾಂ, ಈಗ ಎತ್ತು ಕಟ್ಟು" ಅಂದ. ಈ ತಿಂಗಳಿಡೀ ಕನ್ನಡ ಸಂಘದ ರೂಮಿನ ಕಪಾಟಿನಲ್ಲಿ ಇಟ್ಟಿರ್ತೀನಿ. ಬಾಗಿಲು ಮುಚ್ಚಿಯೇ ನೋಡಿ, ಫ್ಯಾನ್ ಹಾಕಬೇಡಿ, ಆಂಟೆನಾ ಎಳೆ ಎರಡು ಸಲ ಹರಿದಿದೆ. ಮೂತಿಯ ಗಾಜಿನಲ್ಲಿ ಬಿರುಕು ಹುಡುಕಿದವರಿಗೆ ಚಹಾ ನನ್ನ ಕಡೆಯಿಂದ.